ಗುಬ್ಬಿ ಬಂಕಿನ ಡಯಲ್ (ಕಂತು ೭)

"ಟಾರ್ಚ್ ನೇರ ಬಿಡಬೇಡ ಮಗಾ. ಪಕ್ಕದಿಂದ ಹಿಡಿ. ಇನ್ನೂ ಓರೆಗೆ."

ಚೈತನ್ಯ ಮೊಬೈಲನ್ನು ಹಳೇ ಪೆಟ್ರೋಲ್ ಪಂಪಿನ ಡಯಲಿನ ಅಂಚಿಗೆ ತಂದಳು. ಬೆಳಕು ಅಡ್ಡ ಬಿದ್ದದ್ದೇ ತಡ, ಬಿಳಿ ಬಣ್ಣದ ಅಡಿಯಿಂದ ಇನ್ನೊಂದು ಸಾಲು ಅಂಕಿ ಉಬ್ಬಿ ಬಂತು. ಮೇಲೆ ಕಾಣುತ್ತಿದ್ದದ್ದು ಲೀಟರಿನ ಅಂಕಿ, ಯಾವನೋ ಬೋರ್ಡ್ ಬರೆಯುವ ಪೇಂಟರ್ ಕುಂಚದಲ್ಲಿ ಬರೆದದ್ದು. ಅಡಿಯಲ್ಲಿ ಅಡಗಿದ್ದದ್ದು ಗ್ಯಾಲನ್ನಿನ ಅಂಕಿ.

ಸಿದ್ದಲಕ್ಷ್ಮಮ್ಮ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

ಮೂವತ್ತಾರು ವರ್ಷ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ ಜಿಲ್ಲೆಯ ಒಂದೊಂದು ಪೆಟ್ರೋಲ್ ಬಂಕಿನ ಹೊಟ್ಟೆ ಬಿಚ್ಚಿ ನೋಡಿದ ಹೆಂಗಸು ಆಕೆ. ರಿಟೈರಾದ ಮೇಲೂ ಹಳೇ ಪಂಪು ಅಂದರೆ ಪೊಲೀಸಿನವರಿಗೆ ಆಕೆಯ ಹೆಸರೇ ನೆನಪಾಗುತ್ತಿತ್ತು. ಎಂಟು ದಿನದ ಹಿಂದೆ, ಒಂಬತ್ತನೇ ತಾರೀಕು ಗುರುವಾರ, ಕುಣಿಗಲ್‌ನ ತನ್ನ ಪಂಪು ರಿಪೇರಿ ಶೆಡ್ಡಿನಲ್ಲಿ ಚೈತನ್ಯಳ ಅಪ್ಪ ಕನಕರಾಜು ಸತ್ತಿದ್ದ. ಯಾರೋ ಭಾರ ಎತ್ತುವ ಚೈನ್ ಪುಲ್ಲಿಯ ಕೊಂಡಿ ಬಿಚ್ಚಿದ್ದರಿಂದ ಗುಬ್ಬಿ ಬಂಕಿನ ಹಳೇ ಪಂಪಿನ ಎರಕದ ಪೀಠ ಅವನ ಎದೆಯ ಮೇಲೆ ಬಿದ್ದಿತ್ತು. ಶೆಡ್ಡಿನಿಂದ ಕಾಣೆಯಾಗಿದ್ದದ್ದು ಆ ಪಂಪಿನ ಡಯಲ್ ಒಂದೇ.

ಇವತ್ತು ಬೆಳಿಗ್ಗೆ ಯಾರೋ ಹೆಸರು ಹೇಳದೆ ಸ್ಟೇಷನ್ನಿಗೆ ಫೋನ್ ಮಾಡಿದ್ದರು. ತುಮಕೂರಿನ ಬಿ.ಎಚ್. ರಸ್ತೆಯ ಗ್ಯಾಲನ್ ಕೆಫೆಯಲ್ಲಿ ಶೋಕಿಗೆ ನಿಲ್ಲಿಸಿರುವ ಪಂಪಿನ ತಲೆ ನೋಡಿ ಅಂದಿದ್ದರು, ಅಷ್ಟೇ.

"ಏನ್ ಮೇಡಂ, ಅದೇನಾ?" ಸರ್ಕಲ್ ಇನ್ಸ್‌ಪೆಕ್ಟರ್ ನಾಗೇಶ್ ಹಿಂದಿನಿಂದ ಬಗ್ಗಿದ.

"ತಡೀರಿ ಇನ್ಸ್‌ಪೆಕ್ಟ್ರೇ. ಗ್ಯಾಲನ್ ಅಳಿಸಿ ಲೀಟರ್ ಬರೆದ ಡಯಲ್ ಆ ಕಾಲದಲ್ಲಿ ಎಷ್ಟೋ ಇದ್ವು. ಅದೊಂದರಿಂದ ಏನೂ ಹೇಳೋಕಾಗಲ್ಲ."

ಆಕೆ ಹಿತ್ತಾಳೆಯ ಅಂಚಿನ ಮೇಲೆ ಬೆರಳಾಡಿಸಿದಳು. ಕೆಳಗಡೆ, ಆರರ ಅಂಕಿಯ ನೇರಕ್ಕೆ, ಒಂದು ಸೀಸದ ಬಿಲ್ಲೆ ಸಿಕ್ಕಿತು. ಇಲಾಖೆಯವರು ಪರೀಕ್ಷೆ ಮಾಡಿದಾಗಲೆಲ್ಲ ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ಇಸವಿಯ ಕೊನೆಯ ಎರಡು ಅಂಕಿ, ಪಕ್ಕದಲ್ಲಿ ವರ್ಷದ ಯಾವ ಕಾಲುಭಾಗ ಅನ್ನುವುದಕ್ಕೆ ಒಂದು ಅಕ್ಷರ. ಇಲ್ಲಿ ಇದ್ದದ್ದು ೮೬, ಡಿ. ಅಂದರೆ ಎಂಬತ್ತಾರರ ಕೊನೆಯ ಮೂರು ತಿಂಗಳು.

ಆ ಮುದ್ರೆಯ ಮೇಲೆ ರದ್ದು ಮಾಡಿದ ಗುರುತಿಗೆ ಒಂದು ಅಡ್ಡಗೀಟು. ಗೀಟಿನ ಪಕ್ಕದಲ್ಲಿ, ಸೀಸ ದಾಟಿ ಹಿತ್ತಾಳೆಯ ಮೇಲೆ, ಉಳಿ ಜಾರಿದ ಒಂದು ಗಾಯ.

ಸಿದ್ದಲಕ್ಷ್ಮಮ್ಮನ ಬೆರಳು ಅಲ್ಲೇ ನಿಂತುಬಿಟ್ಟಿತು. ಎಂಬತ್ತೇಳರಲ್ಲಿ ಗುಬ್ಬಿ ಬಂಕು ಮುಚ್ಚಿದ ದಿನ, ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗಿರದ ಹುಡುಗಿ ಉಳಿ ಹಿಡಿದಿದ್ದಳು. ಕೈ ನಡುಗಿ ಮೊದಲ ಏಟು ಜಾರಿತ್ತು. ಸೀನಿಯರ್ ರೇವಣಸಿದ್ದಯ್ಯನವರು ಬಂಕಿನ ಜನರೆಲ್ಲರ ಮುಂದೆ, "ಏನವ್ವಾ, ತೆಂಗಿನಕಾಯಿ ಒಡೀತಿದ್ದೀಯಾ?" ಅಂದಿದ್ದರು.

"ಇದು ಗುಬ್ಬೀದೇ," ಅಂದಳು. "ಈ ಏಟು ನಂದು."

ಚೈತನ್ಯ ಮೊಬೈಲಿನ ಬೆಳಕು ಆರಿಸಿದಳು.

ನಾಗೇಶ್ ಅಷ್ಟಕ್ಕೇ ಕಾದಿದ್ದವನಂತೆ ತಿರುಗಿದ. ಕೌಂಟರಿನ ಹತ್ತಿರ ಕೆಫೆಯ ಮಾಲೀಕ ಅಂಜನ್‌ಕುಮಾರ್ ನಿಂತಿದ್ದ. ನಲವತ್ತರ ಆಸುಪಾಸಿನ ಆಸಾಮಿ, ತಿರುಪತಿಗೆ ಮುಡಿ ಕೊಟ್ಟು ಬಂದ ಬೋಳುತಲೆ. ಹಳೇ ಸ್ಕೂಟರು, ಹಳೇ ರೇಡಿಯೋ, ಹಳೇ ಬೋರ್ಡು ತಂದು ಗೋಡೆ ತುಂಬ ನೇತುಹಾಕುವ ಹುಚ್ಚು ಅವನಿಗೆ.

"ಅಂಜನ್‌ಕುಮಾರ್, ಬನ್ನಿ ಇಲ್ಲಿ. ಇದೆಲ್ಲಿಂದ ಬಂತು?"

"ಸಾರ್, ಆ ಪಂಪ್ ತಗೊಂಡು ಎರಡು ವರ್ಷ ಆಯ್ತು. ಊರ್ಡಿಗೆರೆ ಕಡೆ ಒಬ್ರ ಹತ್ರ ತಗೊಂಡೆ. ರಿಪೇರಿ ಮಾಡ್ಸಿದ್ದು ಕನಕರಾಜಣ್ಣನ ಹತ್ರಾನೇ. ಈ ಹುಡುಗೀಗೂ ಗೊತ್ತು."

"ಪಂಪ್ ಕೇಳ್ಲಿಲ್ಲ. ಡಯಲ್ ಕೇಳ್ತಿದೀನಿ."

"ಡಯಲ್ಲೂ ಅದ್ರಲ್ಲೇ ಇತ್ತು ಸಾರ್!"

"ಇರಲಿಲ್ಲ," ಅಂದಳು ಸಿದ್ದಲಕ್ಷ್ಮಮ್ಮ.

ಆಕೆ ಗೋಡೆಯ ಕಡೆ ಕೈ ತೋರಿಸಿದಳು. ಕೆಫೆ ಶುರುವಾದ ದಿನದ ಫೋಟೋ, ಫ್ರೇಮು ಹಾಕಿ ನೇತುಹಾಕಿದ್ದರು. ರಿಬ್ಬನ್ನಿನ ಹಿಂದೆ ಇದೇ ಪಂಪು, ಆಳೆತ್ತರ, ಕೆಂಪು ಬಣ್ಣ, ಪಕ್ಕದಲ್ಲಿ ಕೈಹಿಡಿ. ತಲೆಯಲ್ಲಿ ಗೋಡೆ ಗಡಿಯಾರದಷ್ಟು ದೊಡ್ಡ ಡಯಲ್. ಆ ಡಯಲಿನ ಮೇಲೆ ಅಚ್ಚು ಹಾಕಿದ ಇಂಗ್ಲಿಷ್ ಅಕ್ಷರ ಹೊಳೆಯುತ್ತಿತ್ತು.

"ಆವತ್ತಿದ್ದದ್ದು ಹೊಸದಾಗಿ ಪ್ರಿಂಟ್ ಹಾಕ್ಸಿದ ಡಯಲ್. ಈಗಿರೋದು ಅರವತ್ತು ವರ್ಷದ ಹಿಂದೆ ಕೈಯಲ್ಲಿ ಬರೆದಿದ್ದು. ನೀವೇ ನೋಡಿ."

ಅಂಜನ್‌ಕುಮಾರ್ ಫೋಟೋ ನೋಡಿದ. ಪಂಪು ನೋಡಿದ. ಮತ್ತೆ ಫೋಟೋ ನೋಡಿದ. ಅವನ ಬೋಳುತಲೆಯ ಮೇಲೆ ಬೆವರು ಮೂಡಿತು.

"ನಂಗೊತ್ತಿಲ್ಲ ಮೇಡಂ. ದೇವ್ರಾಣೆ. ಜನ ಬರ್ತಾರೆ, ಪಕ್ಕದಲ್ಲಿ ನಿಂತು ಸೆಲ್ಫಿ ತಗೋತಾರೆ, ಹೋಗ್ತಾರೆ. ನಾನೂ ದಿನಾ ಅದನ್ನ ಏನ್ ನೋಡ್ಕಂಡ್ ಕೂತಿರ್ತೀನಾ?"

"ಒಂಬತ್ತನೇ ತಾರೀಕು ಎಲ್ಲಿದ್ರಿ?" ನಾಗೇಶ್ ದನಿ ಏರಿಸಲಿಲ್ಲ.

"ಇಲ್ಲೇ. ಕೆಫೇಲಿ."

"ನಿಮ್ಮ ಫೋನು ಮಧ್ಯಾಹ್ನ ಎರಡರಿಂದ ಮೂರೂವರೆ ತನಕ ಕುಣಿಗಲ್‌ನಲ್ಲಿತ್ತಲ್ಲ? ಅದೊಂದೇ ಹೋಗಿತ್ತಾ, ನೀವಿಲ್ದೆ?"

ಅಂಜನ್‌ಕುಮಾರ್ ಹತ್ತಿರದ ಕುರ್ಚಿಯ ಮೇಲೆ ಕುಸಿದು ಕೂತ. ಅವನ ಕಣ್ಣು ಚೈತನ್ಯಳ ಮೇಲೆ ಹೋಗಿ, ತಟ್ಟನೆ ನೆಲಕ್ಕೆ ಇಳಿಯಿತು.

"ಹೋಗಿದ್ದೆ," ಅಂದ. "ಹೋಗಿದ್ದು ನಿಜ. ಕನಕರಾಜಣ್ಣ ಗುಬ್ಬಿ ಪಂಪ್ ಬಿಚ್ಚಿದಾನೆ ಅಂತ ಸುದ್ದಿ ಬಂತು. ಅಸಲೀ ಡಯಲ್ ಇನ್ನೆಲ್ಲೂ ಸಿಗಲ್ಲ. ನಂಗೆ ಕೊಡಪ್ಪಾ ಅಂದೆ. ಒಂದು ಮೈಯಿಂದ ತಲೆ ತೆಗ್ದು ಇನ್ನೊಂದು ಮೈಗೆ ಇಡಲ್ಲ, ಹೋಗು ಅಂದ. ಕಡೇಪಕ್ಷ ತೋರ್ಸು ಅಂದೆ. ಅದು ಶೆಡ್ಡಲ್ಲಿಲ್ಲ, ಮನೇಗೆ ಕಳ್ಸಿದೀನಿ ಅಂದ. ವಾಪಸ್ ಬಂದೆ. ನಾನ್ ಬರೋವಾಗ ಅವನು ಚೆನ್ನಾಗಿದ್ದ ಸಾರ್, ಟೀ ಕುಡೀತಿದ್ದ!"

"ಮನೆಗೆ ಬಂದೇ ಇಲ್ಲ," ಅಂದಳು ಚೈತನ್ಯ. "ಅವ್ವ ಕಣ್ಣಲ್ಲೂ ನೋಡಿಲ್ಲ ಅಂತ ಪೊಲೀಸ್ರಿಗೆ ಹೇಳಿದಾಳೆ. ಯಾಕ್ ಸುಳ್ಳು ಹೇಳ್ತೀರ ಅಣ್ಣಾ? ನಮ್ಮನೇಲಿ ಊಟ ಮಾಡಿದೀರ ನೀವು."

"ಇಲ್ಲಮ್ಮಾ, ಅವನು ಹಂಗೇ ಅಂದ..."

"ಸಾಕು," ಅಂದ ನಾಗೇಶ್. "ಸ್ಟೇಷನ್ನಲ್ಲಿ ಹೇಳೋರಂತೆ. ಏಳಿ."

ಎಲ್ಲ ಸರಿಯಾಗಿ ಕೂತಂತೆ ಕಾಣುತ್ತಿತ್ತು. ಆದರೆ ಸಿದ್ದಲಕ್ಷ್ಮಮ್ಮನಿಗೆ ಮಾತ್ರ ಏನೋ ಕೂರುತ್ತಿರಲಿಲ್ಲ. ಒಬ್ಬ ಮನುಷ್ಯ ಹೆಣ ಬೀಳಿಸಿ ಒಂದು ವಸ್ತು ಕದ್ದನೆಂದರೆ ಅಟ್ಟದ ಮೇಲೆ ಬಚ್ಚಿಡುತ್ತಾನೆ, ಬಾವಿಗೆ ಹಾಕುತ್ತಾನೆ. ದಿನಕ್ಕೆ ಇನ್ನೂರು ಜನ ಬರುವ ಜಾಗದಲ್ಲಿ, ಬಾಗಿಲ ಎದುರಿಗೇ, ಬಲ್ಬು ಹಾಕಿ ನಿಲ್ಲಿಸುತ್ತಾನೆಯೇ?

"ಒಂದ್ನಿಮಿಷ ಇನ್ಸ್‌ಪೆಕ್ಟ್ರೇ. ಇದನ್ನ ಬಿಚ್ಚಿ ನೋಡ್ತೀನಿ."

ಡಯಲಿಗೆ ನಾಲ್ಕು ಸ್ಕ್ರೂ. ಎಲ್ಲವೂ ಹಳೆಯವು, ತಲೆಯ ಮೇಲೆ ಒಂದೇ ಗೀರು ಇರುವಂಥವು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಮೊದಲನೆಯದನ್ನು ತಿರುಗಿಸಿದಳು. ಬಹಳ ಸಲೀಸಾಗಿ ಬಂತು. ಕೈಯಲ್ಲಿ ಹಿಡಿದು ನೋಡಿದರೆ ಇಂಚಿನ ಲೆಕ್ಕದಲ್ಲಿ ತಿರುಪು ಕೊರೆದ ಸ್ಕ್ರೂ. ಪಂಪಿನ ಮೈಯಲ್ಲಿ ಕೊರೆದಿದ್ದದ್ದು ಎಂಎಂ ಲೆಕ್ಕದ ತಿರುಪು. ಒಂದಕ್ಕೊಂದು ಹಿಡಿಯುವ ಮಾತೇ ಇಲ್ಲ. ಹಿಡಿಯಲೆಂದು ಯಾರೋ ಹಿತ್ತಾಳೆಯ ತೆಳು ತಗಡನ್ನು ಕೂದಲೆಳೆಯಷ್ಟು ಕತ್ತರಿಸಿ, ಸ್ಕ್ರೂಗೆ ಸುತ್ತಿ, ಒಳಗೆ ಕೂರಿಸಿದ್ದರು. ನಾಲ್ಕಕ್ಕೆ ನಾಲ್ಕೂ ಹಾಗೆಯೇ. ಒಂದರಲ್ಲೂ ಗೀರಿನ ಅಂಚು ಕಿತ್ತಿರಲಿಲ್ಲ.

"ಅಂಜನ್‌ಕುಮಾರ್, ಇದನ್ನ ಒಳಗೆ ಹಾಕಿ ನೋಡೋಣ," ಎಂದು ಸ್ಕ್ರೂಡ್ರೈವರ್ ಅವನ ಕೈಗೆ ಕೊಟ್ಟಳು.

ಅವನು ಅದನ್ನು ಊಟದ ಚಮಚದ ಹಾಗೆ ಹಿಡಿದುಕೊಂಡ. ಎರಡು ಸಲ ಜಾರಿಸಿದ. ಮೂರನೇ ಸಲ ಬಣ್ಣ ಕೆತ್ತಿ, ಬೆರಳಿಗೂ ಗಾಯ ಮಾಡಿಕೊಂಡ.

ಸಿದ್ದಲಕ್ಷ್ಮಮ್ಮ ನಾಗೇಶ್‌ನ ಮುಖ ನೋಡಿದಳು. ನಾಗೇಶ್ ಬೇಸರದಿಂದ ಮುಖ ತಿರುಗಿಸಿದ. "ದುಡ್ಡು ಕೊಟ್ಟು ಯಾರ ಕೈಲೋ ಮಾಡ್ಸಿರ್ತಾನೆ ಮೇಡಂ."

"ಇರಬಹುದು. ಆದ್ರೆ ಇದು ಕಲಿತ ಕೈ. ಹಳೇ ಪಂಪಿನ ಮೇಲೆ ಪ್ರೀತಿ ಇರೋ ಕೈ. ಈ ಮೂರು ತಾಲ್ಲೂಕಲ್ಲಿ ಇಂಥಾ ಕೆಲಸ ಮಾಡ್ತಿದ್ದದ್ದು ಒಬ್ಬನೇ, ಅವನು ಸತ್ತುಹೋಗಿದಾನೆ."

ಹೇಳುತ್ತಲೇ ಆಕೆ ಡಯಲನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆಳೆದು, ಟೇಬಲಿನ ಮೇಲೆ ಬೋರಲು ಹಾಕಿದಳು.

ಬೆನ್ನ ಮೇಲೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿತ್ತು.

'ಗುಬ್ಬಿ. ಬಿಚ್ಚಿದ್ದು ತಾ. ೬.'

ಅದರ ಕೆಳಗೆ: 'ಕೂರ್ಸಿದ್ದು ತಾ. ೧೩.'

"ಅಪ್ಪನ ಅಕ್ಷರ," ಅಂದಳು ಚೈತನ್ಯ, ಉಸಿರಿನಲ್ಲೇ. "ಅಪ್ಪ ಯಾವ ಪಾರ್ಟ್ ಮುಟ್ಟಿದ್ರೂ ಬೆನ್ನಿಗೆ ತಾರೀಕು ಹಾಕೋರು. ಮುಂದೆ ಬಿಚ್ಚೋನಿಗೆ ಗೊತ್ತಾಗ್ಲಿ ಅಂತ. ಆ ಬಾಲ ಉದ್ದ ಇರೋ 'ದ' ನೋಡಿ, ಅದು ಅಪ್ಪಂದೇ."

ಆಮೇಲೆ ಆಕೆಗೆ ಎರಡನೇ ತಾರೀಕು ಕಂಡಿತು.

ಕನಕರಾಜು ಸತ್ತದ್ದು ಒಂಬತ್ತಕ್ಕೆ. ಹತ್ತಕ್ಕೆ ಮಣ್ಣು ಮಾಡಿದ್ದರು.

"ಹದಿಮೂರು ಅಂದ್ರೆ ಈ ಸೋಮವಾರ," ನಾಗೇಶ್ ಬೆರಳು ಮಡಚಿ ಎಣಿಸಿದ. ಮತ್ತೆ ಎಣಿಸಿದ. "ಇದೇನ್ರೀ ಇದು?"

ಅಡುಗೆಮನೆಯಲ್ಲಿ ಮಿಕ್ಸಿ ಕೂಗುತ್ತಿತ್ತು.

"ಚೈತನ್ಯ," ಸಿದ್ದಲಕ್ಷ್ಮಮ್ಮ ಮೆಲ್ಲಗೆ ಕೇಳಿದಳು, "ನಿಮ್ಮಪ್ಪನ ಮುಖ..."

"ನಾನೇ ತೊಳೆದಿದ್ದು ಮೇಡಂ. ಮುಖಕ್ಕೆ ಏನೂ ಆಗಿರ್ಲಿಲ್ಲ. ನಾನೇ ವಿಭೂತಿ ಹಚ್ಚಿದ್ದು."

ನಾಗೇಶ್ ಕೆಫೆಯ ಮ್ಯಾನೇಜರ್ ಮಾನಸಾಳನ್ನು ಕರೆದ. ಸೋಮವಾರ ಯಾರಿದ್ದರು ಅಂತ ಕೇಳಿದ. ಸೋಮವಾರ ಕೆಫೆಗೆ ರಜೆ, ಆಕೆ ಬಂದಿರಲಿಲ್ಲ. ತೊಳೆಯುವ ಹೆಂಗಸರಿಗೆಂದು ಹಿಂಬಾಗಿಲು ಮಧ್ಯಾಹ್ನದವರೆಗೆ ತೆಗೆದಿರುತ್ತೆ, ಕ್ಯಾಮೆರಾ ಆಫ್ ಮಾಡಿರ್ತಾರೆ ಅಂದಳು. ಅಂಜನ್‌ಕುಮಾರ್ ತಿರುಪತಿಯ ದರ್ಶನದ ಚೀಟಿ ತೆಗೆದು ಕೊಟ್ಟ. ಭಾನುವಾರ ಹೊರಟವನು ಬುಧವಾರ ರಾತ್ರಿ ತಿರುಗಿ ಬಂದಿದ್ದ. ಚೀಟಿಯ ಮೇಲೆ ಹದಿಮೂರರ ತಾರೀಕೇ ಇತ್ತು.

ನಾಗೇಶ್ ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಸಿದ್ದಲಕ್ಷ್ಮಮ್ಮನನ್ನು ಪಕ್ಕಕ್ಕೆ ಕರೆದ.

"ನೀವೇನಂತೀರ ಮೇಡಂ? ಎಳಕೊಂಡು ಹೋಗ್ಲಾ, ಬಿಡ್ಲಾ?"

ಡಯಲ್ ಗುಬ್ಬಿಯದು, ಅದರಲ್ಲಿ ಅನುಮಾನವಿಲ್ಲ. ಕೂರಿಸಿದವನು ಅಂಜನ್ ಅಲ್ಲ, ಅದರಲ್ಲೂ ಅನುಮಾನವಿಲ್ಲ. ಬರೆದವನು ಸತ್ತಿದ್ದಾನೆ. ಯಾವ ತುದಿ ಹಿಡಿದು ಎಳೆದರೂ ಗಂಟು ಬಿಗಿಯಾಗುತ್ತಿತ್ತು.

"ಯಾರೋ ಬೇಕಂತಲೇ ಇವನ ತಲೆಗೆ ಕಟ್ಟಿದಾರೆ," ಅಂದಳು ಕೊನೆಗೆ. "ಈ ಡಯಲ್ ಇಟ್ಕೊಂಡು ಇವನನ್ನ ಒಳಗೆ ಹಾಕಿದ್ರೆ ನಾಳೆ ಕೋರ್ಟಲ್ಲಿ ನಾನೇ ಇವನ ಪರವಾಗಿ ಸಾಕ್ಷಿ ಹೇಳ್ಬೇಕಾಗುತ್ತೆ."

ನಾಗೇಶ್ ನಿಟ್ಟುಸಿರುಬಿಟ್ಟ. "ನಿಮ್ಮ ಮಾತಿನ ಮೇಲೆ ಬಿಡ್ತಿದೀನಿ." ತಿರುಗಿ ಅಂಜನ್‌ಕುಮಾರ್‌ಗೆ ಹೇಳಿಕೆ ಬರೆದು ಸಹಿ ಹಾಕಲು ಹೇಳಿದ. "ಜಿಲ್ಲೆ ಬಿಟ್ಟು ಹೋಗಂಗಿಲ್ಲ, ತಿಳೀತಾ?"

ಸಹಿ ಹಾಕುವ ಹೊತ್ತಿಗೆ ಅಂಜನ್‌ನ ಫೋನು ಬಡಿದುಕೊಂಡಿತು. ಎರಡು ಮಾತಾಡಿ ಇಟ್ಟ. ಹೋದ ಜೀವ ಬಂದವನ ಹಾಗೆ ನಗುವುದಕ್ಕೂ ನೋಡಿದ.

"ಗುಬ್ಬಿ ಸಿದ್ದಗಂಗಯ್ಯನೋರು ಸಾರ್. ಕನಕರಾಜಣ್ಣ ಬಿಚ್ಚಿದ್ನಲ್ಲ, ಆ ಪಂಪಿನ ಯಜಮಾನ್ರು. ಬಾ, ಮಾತಾಡೋದಿದೆ ಅಂತವ್ರೆ. ಹೋಗಿ ಬರ್ಲಾ? ಜಿಲ್ಲೆ ಒಳಗೇ ಅಲ್ವಾ?"

"ಹೋಗಿ. ಸಂಜೆ ಸ್ಟೇಷನ್ನಿಗೆ ಬರ್ಬೇಕು."

ಅವನು ಕಾರಿನ ಕೀ ಎತ್ತಿಕೊಂಡು ಓಡಿದಂತೆಯೇ ಹೊರಟ.

ಚೈತನ್ಯ ಮಾತ್ರ ಟೇಬಲಿನ ಹತ್ತಿರದಿಂದ ಕದಲಿರಲಿಲ್ಲ. ಆಕೆಯ ಕಣ್ಣು ಆ ಎರಡು ಸಾಲಿನ ಮೇಲೆಯೇ ನೆಟ್ಟಿತ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಸಿದ್ದಲಕ್ಷ್ಮಮ್ಮನ ಮೊಣಕೈ ಹಿಡಿದು ಹೊರಕ್ಕೆ ಎಳೆದುಕೊಂಡು ಬಂದಳು. ರಸ್ತೆಯ ಬದಿ, ಎಳನೀರಿನ ಗಾಡಿಯ ಮರೆಯಲ್ಲಿ ನಿಂತಳು.

"ಮೇಡಂ, ಅಪ್ಪ 'ಕೂರ್ಸಿದ್ದು' ಅಂತ ಬರೀತಿರ್ಲಿಲ್ಲ. 'ಕೂರಿಸಿದ್ದು' ಅಂತ ಬರೀತಿದ್ರು. ತಪ್ಪು ಬರೆದ್ರೆ ನಂಗೆ ಬೈಯೋರು."

"ಅಕ್ಷರ ಅವರದೇ ಅಂದೆಯಲ್ಲ?"

"ಆ ಅಕ್ಷರ ಇಬ್ರಿಗೆ ಬರುತ್ತೆ." ಹುಡುಗಿ ಕೆಫೆಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. "ಅವ್ವ ಸ್ಕೂಲಿಗೆ ಹೋದೋಳಲ್ಲ. ಮದುವೆ ಆದ್ಮೇಲೆ ಅಪ್ಪಾನೇ ಕಲಿಸಿದ್ದು, ಶೆಡ್ಡಲ್ಲಿ, ಪೆನ್ಸಿಲ್ ಕೊಟ್ಟು, ಕೈ ಹಿಡಿದು. ಅವ್ಳು ಬರೆದ್ರೆ ಅಪ್ಪ ಬರೆದಂಗೇ ಇರುತ್ತೆ. ಮಾತಾಡ್ದಂಗೇ ಬರೀತಾಳೆ, ಅಷ್ಟೇ ಫರಕು. ಕೆಲಸಾನೂ, ತಾರೀಕು ಹಾಕೋ ಅಭ್ಯಾಸಾನೂ ಅಷ್ಟೇ ಮೇಡಂ. ಅಪ್ಪಂಗೆ ಕಣ್ಣು ಮಂಜಾದ್ಮೇಲೆ ಸಣ್ಣ ಕೆಲಸ ಎಲ್ಲ ಅವ್ವಾನೇ ಮಾಡ್ತಿದ್ದದ್ದು."

ಸಿದ್ದಲಕ್ಷ್ಮಮ್ಮನ ಕಣ್ಣ ಮುಂದೆ ಕೊತ್ತಗೆರೆಯ ಕನಕರಾಜುವಿನ ಮನೆ ಬಂತು. ಗೋಡೆಗೆ ಒರಗಿ, ತಲೆಗೆ ಸೆರಗು ಹೊದ್ದು, ಕೇಳಿದ್ದಕ್ಕೆಲ್ಲ ಬರೀ ತಲೆಯಾಡಿಸಿದ ಚೈತನ್ಯಳ ಅವ್ವ ಮರಿಯಮ್ಮ ಬಂದಳು.

"ಸೋಮವಾರ ನೀನೆಲ್ಲಿದ್ದೆ?"

"ಆಸ್ಪತ್ರೇಲಿ. ಪೋಸ್ಟ್‌ಮಾರ್ಟಂ ಪೇಪರ್‌ಗೆ ಅಂತ ಬೆಳಿಗ್ಗೆಯಿಂದ ಕಾದಿದ್ದೆ. ಹನ್ನೊಂದು ದಿನ ಆಗೋತನಕ ಹೊಸಿಲು ದಾಟಲ್ಲ ಅಂದಿದ್ಲು ಅವ್ವ."

"ಫೋನ್ ಮಾಡು. ಸ್ಪೀಕರಿಗೆ ಹಾಕು. ನಾನಿದೀನಿ ಅನ್ನಬೇಡ."

ಎರಡೇ ರಿಂಗಿಗೆ ಆ ಕಡೆ ಎತ್ತಿದರು. ಚೈತನ್ಯ ಬಾಯಿ ತೆರೆಯುವ ಮೊದಲೇ ಮರಿಯಮ್ಮನ ದನಿ ಬಂತು.

"ಇಡ್ಕಂಡ್ ಓದ್ರೇನವ್ವಾ ಅಂಜನಪ್ಪನ್ನ?"

ಚೈತನ್ಯಳ ಕೈಯಿಂದ ಫೋನು ಬೀಳುವುದರಲ್ಲಿತ್ತು. ಸಿದ್ದಲಕ್ಷ್ಮಮ್ಮ ಕೆಳಗಿನಿಂದ ಆತುಕೊಂಡಳು.

"ಅವ್ವಾ... ಆ ಡಯಲ್ ನೀನೇ ಇಟ್ಟಿದ್ದಾ?"



"ಅದು ಕಳುವೇ ಆಗಿರ್ಲಿಲ್ಲ ಕಣವ್ವ. ಬುಧವಾರಾನೇ ನಿಮ್ಮಪ್ಪ ತೊಳೆದಿಡು ಅಂತ ನನ್ ಕೈಗೆ ಕೊಟ್ಟಿದ್ರು. ನನ್ ತಾವೇ ಇತ್ತು."

"ಯಾಕವ್ವಾ? ಅಂಜನಣ್ಣ ಅಪ್ಪನ್ನ ಏನೂ ಮಾಡಿಲ್ಲ. ಯಾಕ್ ಅವ್ರ್ ತಲೆಗೆ ಕಟ್ದೆ?"

"ಏನೂ ಮಾಡಿಲ್ಲ ಅಂತ ನಂಗೊತ್ತಿಲ್ವಾ? ಅದಕ್ಕೇ ಕಣೇ ಕಟ್ಟಿದ್ದು. ಆವತ್ತು ಶೆಡ್ಡಿನ್ ಬಾಗ್ಲಲ್ಲಿ ಯಾರ್ ಎದುರಾದ್ರು ಅಂತ ಅವ್ನು ಕಂಡವ್ನೆ. ಕಂಡಿದ್ದು ಏನು ಅಂತ ಅವ್ನಿಗೇ ಗೊತ್ತಿಲ್ಲ. ಸ್ಟೇಷನ್ ಒಳಗಿದ್ರೆ ಜೀವ ಉಳ್ಕತದೆ. ಈಚೆಗೆ ಬುಟ್ರೆ ಒಂದ್ ದಿನಾನೂ ಉಳ್ಸಾಕಿಲ್ಲ."

"ಯಾರವ್ವಾ? ಯಾರ್ ಉಳಿಸಲ್ಲ?"

"ಹೆಸ್ರು ಹೇಳುದ್ರೆ ಮುಂದಿನ್ ಸರದಿ ನಿಂದು ಕಣವ್ವ. ಕೇಳ್ಬ್ಯಾಡ. ಪೊಲೀಸ್ರು ಇಡ್ಕಂಡ್ರು ತಾನೆ? ಅಷ್ಟ್ ಹೇಳು."

ಚೈತನ್ಯ ಸಿದ್ದಲಕ್ಷ್ಮಮ್ಮನ ಮುಖ ನೋಡಿದಳು. ಸಿದ್ದಲಕ್ಷ್ಮಮ್ಮ ರಸ್ತೆ ನೋಡುತ್ತಿದ್ದಳು. ಲಾರಿ, ಬಸ್ಸು, ಆಟೋ. ಅಂಜನ್‌ನ ಕಾರು ನಿಂತಿದ್ದ ಜಾಗದಲ್ಲಿ ಒಂದು ನಾಯಿ ಮಲಗಿತ್ತು. ಸಿದ್ದಗಂಗಯ್ಯ ಕರೆದರೆಂದು ಅವನು ಗುಬ್ಬಿಯ ದಾರಿ ಹಿಡಿದು ಆಗಲೇ ಹತ್ತು ನಿಮಿಷ. ಅವನನ್ನು ಪೊಲೀಸರ ಕೈಯಿಂದ ಬಿಡಿಸಿದ್ದು ತಾನೇ.

"ಇನ್ಸ್‌ಪೆಕ್ಟ್ರೇ!" ಅಂತ ಕೂಗಿಕೊಳ್ಳುತ್ತಲೇ ಆಕೆ ಕೆಫೆಯ ಬಾಗಿಲಿಗೆ ಓಡಿ, ತನ್ನ ಫೋನ್ ತೆಗೆದು ಅಂಜನ್‌ನ ನಂಬರ್ ಒತ್ತಿದಳು.

ರಿಂಗಾಯಿತು. ಅದು ಕೇಳಿಸಿದ್ದು ಕೆಫೆಯ ಒಳಗಿನಿಂದ, ಅವನು ಹೇಳಿಕೆಗೆ ಸಹಿ ಹಾಕಿದ ಟೇಬಲಿನ ಮೇಲಿಂದ.